ಎಡಗಡೆ ಹಿಂದಿನ ಚಕ್ರ

ಆ ಬೂದುಬಣ್ಣದ ಕಾರು ಮೂರನೇ ಸಲ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ಮಿಲ್ಲಿಮೀಟರನ ಕಿವಿ ಕೆಂಪಗಾಯಿತು. ಅದೇ ಕಾರು, ಅದೇ ಲಾಯರು, ಅದೇ ಎಡಗಡೆ ಹಿಂದಿನ ಚಕ್ರ.

"ಟೈರು ಮತ್ತೆ ಮಡ್‌ಗಾರ್ಡಿಗೆ ಉಜ್ತಾ ಇದೆ ಕಣ್ರೀ," ಎಂದರು ಲಾಯರು, ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು. "ಹಂಪ್ ಹತ್ತಿಸಿದ್ರೆ ಸಾಕು, ಕರ್ ಅನ್ನುತ್ತೆ. ಹೊಸ ಟೈರು ಆಗ್ಲೇ ಸಿಪ್ಪೆ ಎದ್ದಿದೆ. ನಿಮ್ಮ ಹೆಸರು ಕೇಳ್ಕೊಂಡು ಬಂದೆ ನೋಡಿ, ನನಗೆ ಬೇಕಿತ್ತು!"

ಹೆಸರು ಎಂದರೆ ಸಾಮಾನ್ಯ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರನ್ನು ಜನ ಎಂದೋ ಮರೆತಿದ್ದರು. ನೆಲಕ್ಕೆ ಹತ್ತಿರವಾಗಿ ತಗ್ಗಿಸಿದ ಕಾರಿಗೆ ಅಗಲದ ಟೈರು ಹಾಕಿ, ಎಲ್ಲೂ ತಗಲದಂತೆ ಕೂರಿಸಿ ಕೊಡುವವನು ಮಿಲ್ಲಿಮೀಟರ್ ಒಬ್ಬನೇ ಎಂದು ದೂರದೂರದವರು ಬರುತ್ತಿದ್ದರು. ಅವನೂ ಬಿಡುವವನಲ್ಲ. ಮಡ್‌ಗಾರ್ಡಿನ ಒಳಅಂಚನ್ನು ಬಣ್ಣ ಬಿರುಕು ಬಿಡದಂತೆ ಬಿಸಿ ಮಾಡಿ, ಒಳಕ್ಕೆ ಮಡಚುತ್ತಿದ್ದ. ಆಮೇಲೆ ಕಾರನ್ನು ನೆಲದ ಮೇಲಿನ ನಾಲ್ಕು ಹಳದಿ ಚೌಕಗಳ ಮೇಲೆ ನಿಲ್ಲಿಸಿ, ನೆಲದಿಂದ ಮಡ್‌ಗಾರ್ಡಿನವರೆಗೆ ನಾಲ್ಕೂ ಮೂಲೆ ಅಳೆಯುತ್ತಿದ್ದ. ಸ್ಪ್ರಿಂಗಿನ ಕೆಳಗೊಂದು ಬಳೆ ಇರುತ್ತದೆ. ಮೇಲಕ್ಕೆ ತಿರುಗಿಸಿದರೆ ಆ ಮೂಲೆ ಏಳುತ್ತದೆ, ಕೆಳಕ್ಕೆ ತಿರುಗಿಸಿದರೆ ಕೂರುತ್ತದೆ. ನಾಲ್ಕೂ ಕಡೆ ಒಂದೇ ಅಳತೆ ಬರುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಈ ಕಾರಿಗೂ ಎರಡು ಸಲ ಹಾಗೇ ಮಾಡಿ ಕಳಿಸಿದ್ದ. ಹಾಗಾದರೆ ಅಳತೆ ಕೆಡಿಸಿದವರು ಯಾರು? ತಾನಂತೂ ಅಲ್ಲ. ಗ್ಯಾರೇಜಿನಲ್ಲಿ ಇರುವುದು ಇಬ್ಬರೇ. ಇನ್ನೊಬ್ಬನೆಂದರೆ ಹೆಂಡತಿಯ ತಮ್ಮ.

ಒಂಬತ್ತು ವರ್ಷದ ಹಿಂದೆ ಸ್ಪ್ಯಾನರ್ ಯಾವುದು, ಸುತ್ತಿಗೆ ಯಾವುದು ಎಂದು ತಿಳಿಯದೆ ಬಂದ ಭಾವಮೈದ ಈಗ ಅರ್ಧ ಗ್ಯಾರೇಜು ನಡೆಸುತ್ತಿದ್ದ. ಮಾತು ಕಮ್ಮಿ. ಅದೇ ಈಗ ಮಿಲ್ಲಿಮೀಟರನಿಗೆ ಚುಚ್ಚತೊಡಗಿತು. ತಾನು ಕೆಲಸ ಮುಗಿಸಿ ಕೈ ತೊಳೆಯಲು ಹೋದ ಕೂಡಲೇ ಇವನು ಕಾರಿನಡಿ ನುಸುಳುವುದೇಕೆ? ಕೇಳಿದರೆ "ನಟ್ಟು ಬಿಗಿ ಇದೆಯಾ ನೋಡ್ತಿದ್ದೆ ಭಾವ" ಎನ್ನುತ್ತಾನೆ. ಎದುರು ಸಾಲಿನಲ್ಲಿ ಹೊಸದಾಗಿ ಗ್ಯಾರೇಜು ತೆರೆದವನು ಮೊನ್ನೆ ಇವನ ಹೆಗಲ ಮೇಲೆ ಕೈ ಹಾಕಿಕೊಂಡು ಅದೇನು ಗುಸುಗುಸು? ಭಾವನನ್ನು ಕಂಡೊಡನೆ ಮಾತು ನಿಂತಿದ್ದೇಕೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗಾಯಿತು ಅವನ ಪಾಡು. ನನ್ನ ಹೆಸರು ಕೆಡಿಸಿ, ಗಿರಾಕಿಗಳನ್ನು ಎದುರಿನವನಿಗೆ ಒಪ್ಪಿಸಿ, ತಾನೂ ಅಲ್ಲಿಗೆ ಹಾರುವ ಹುನ್ನಾರ ಇದು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ತಾನೇ!

ಮರುದಿನ ಬೆಳಗ್ಗೆ ಹೆಂಡತಿಯ ಕನ್ನಡಿ ಮುಂದಿನಿಂದ ಉಗುರಿನ ಬಣ್ಣದ ಶೀಶೆ ಎತ್ತಿಕೊಂಡ.

"ಈ ವಯಸ್ಸಲ್ಲಿ ನಿಮಗ್ಯಾಕ್ರೀ ಅದು?" ಎಂದು ಅವಳು ನಕ್ಕಳು.

"ಒಂದು ಹುಳ ಹಿಡಿಯೋದಿದೆ."

ಲಾಯರ ಕಾರನ್ನು ಅಳೆದು, ನಾಲ್ಕೂ ಮೂಲೆ ಸಮ ಮಾಡಿ, ಪ್ರತಿ ಬಳೆಯ ಮೇಲೂ ಅದರ ಕೆಳಗಿನ ಕೊಳವೆಯ ಮೇಲೂ ಹಾಯುವಂತೆ ಒಂದೊಂದು ಕೆಂಪು ಗೆರೆ ಎಳೆದ. ಬಳೆ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಬೇಕು. "ಊಟಕ್ಕೆ ಹೋಗ್ತೀನಿ," ಎಂದು ಜೋರಾಗಿ ಕೂಗಿ ಹೊರಟ. ಅರ್ಧ ಊಟಕ್ಕೇ ಎದ್ದು ಬಂದು, ಭಾವಮೈದ ಹೊರಗಿನ ನಲ್ಲಿಯ ಬಳಿ ಇದ್ದಾಗ ಕಾರಿನಡಿ ತೂರಿ ಟಾರ್ಚು ಬಿಟ್ಟ.

ಮೂರು ಗೆರೆ ಇದ್ದ ಹಾಗೇ ಇದ್ದವು. ಎಡಗಡೆ ಹಿಂದಿನದು ತುಂಡಾಗಿತ್ತು.

ಅವನಿಗೆ ಆದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕು. ಅಲ್ಲಿಂದಲೇ ಲಾಯರಿಗೆ ಫೋನು ಹಚ್ಚಿದ. "ಕಳ್ಳ ಸಿಕ್ಕ ಸಾರ್. ಮನೆಯೊಳಗೇ ಇದ್ದ. ಬನ್ನಿ, ತೋರಿಸ್ತೀನಿ."

ಭಾವಮೈದ ಒದ್ದೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ.

"ಬಳೆ ಮುಟ್ಟಿದ್ಯೇನೋ?"

ಅವನು ಕೆಂಪು ಗೆರೆ ನೋಡಿದ, ಭಾವನನ್ನು ನೋಡಿದ. "ಹೂಂ. ಎರಡು ಸುತ್ತು ಮೇಲೆ ಮಾಡಿದೀನಿ."

"ಕಳ್ಳ ನನ್ಮಗನೇ! ಎಷ್ಟು ಕೊಡ್ತೀನಿ ಅಂದಿದಾನೆ ಆ ಎದುರಿನವನು?"

"ಕೆಲಸಕ್ಕೆ ಬಾ ಅಂದ. ಆಗಲ್ಲ ಅಂದೆ." ಅವನ ದನಿ ಏರಲೇ ಇಲ್ಲ. "ಭಾವ, ಕಾರು ಸರಿ ಇದೆ. ನೆಲ ಸರಿ ಇಲ್ಲ. ಆ ಎಡಗಡೆ ಹಿಂದಿನ ಚೌಕ ಕುಸಿದಿದೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ಈ ನೆಲ ಹಾಕಿದ್ದು ಯಾರು ಗೊತ್ತೇನೋ? ನಾನು! ನನ್ನ ಕೈಯಾರೆ!"

ಭಾವಮೈದ ವಾದ ಮಾಡಲಿಲ್ಲ. ಗಾರೆಯವರು ಮಟ್ಟ ನೋಡುವ ನೀರು ತುಂಬಿದ ಪೈಪನ್ನು ಅಟ್ಟದಿಂದ ಇಳಿಸಿ, ಒಂದು ತುದಿಯನ್ನು ಬಲಗಡೆ ಹಿಂದಿನ ಚಕ್ರದ ಪಕ್ಕ ತಾನು ಹಿಡಿದು, ಇನ್ನೊಂದನ್ನು ಎಡಗಡೆ ಚಕ್ರದ ಪಕ್ಕ ಸ್ಟೂಲಿಗೆ ಕಟ್ಟಿದ. "ಎರಡೂ ತುದೀಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ನೆಲದಿಂದ ಅಲ್ಲಿಗೆ ನೀವೇ ಅಳೀರಿ."

ಮಿಲ್ಲಿಮೀಟರ್ ಸಿಡಿಮಿಡಿಗೊಳ್ಳುತ್ತಲೇ ಅಳೆದ. ಎದ್ದು ಹೋಗಿ ಬಲಗಡೆ ಅಳೆದ. ಮತ್ತೆ ಬಂದು ಎಡಗಡೆ ಅಳೆದ. ನೆಲದಿಂದ ನೀರಿನ ಮಟ್ಟಕ್ಕೆ ಈ ಕಡೆ ಆರು ಮಿಲ್ಲಿಮೀಟರ್ ಜಾಸ್ತಿ. ಕಾರು ತೊಳೆದ ನೀರೆಲ್ಲ ಹರಿದು ಅಡಿಯ ಮಣ್ಣು ಕೂತಿತ್ತು. ಚಕ್ರ ಹಳ್ಳಕ್ಕೆ ಇಳಿದು ಆ ಮೂಲೆಯ ಅಳತೆ ಜಾಸ್ತಿ ತೋರುತ್ತಿತ್ತು, ಅವನು ಸಮ ಮಾಡಲು ಬಳೆಯನ್ನು ಕೆಳಕ್ಕಿಳಿಸುತ್ತಿದ್ದ, ಸಮ ರಸ್ತೆಗೆ ಹೋದ ಕಾರು ಅದೇ ಮೂಲೆಯಲ್ಲಿ ಕುಸಿದು ಉಜ್ಜುತ್ತಿತ್ತು. ಅಯ್ಯೋ ದೇವರೇ, ಎಂದುಕೊಂಡ.

"ಎಷ್ಟು ದಿನದಿಂದ ಹೀಗೆ?"

"ಒಂದು ವರ್ಷ ಆಯ್ತು. ನೀವು ಕೈ ತೊಳೆಯೋಕೆ ಹೋದಾಗ ಪ್ರತಿ ಕಾರನ್ನೂ ನಾನು ಸರಿ ಮಾಡಿ ಬಿಡ್ತಿದ್ದೆ. ಲಾಯರ ಕಾರು ಮೊದಲ ಸಲ ಹೋದಾಗ ನನಗೆ ಜ್ವರ, ಬಂದಿರಲಿಲ್ಲ. ಎರಡನೇ ಸಲ ಅವರು ಇಲ್ಲೇ ಕೂತಿದ್ರು, ಆಗಲಿಲ್ಲ."

"ಬಾಯಿ ಬಿಟ್ಟು ಹೇಳೋಕೇನು ಧಾಡಿ?"

"ಹೇಳಿದ್ದೆ ಭಾವ. ಅಕ್ಕನ ಎದುರಿಗೇ. 'ನನಗೇ ಪಾಠ ಹೇಳ್ತೀಯಾ, ಎದ್ದು ಹೋಗು' ಅಂದ್ರಿ."

ಅಂದಿದ್ದ. ಈಗ ನೆನಪಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಲಾಯರು ನಿಂತಿದ್ದರು, ಮುಖದ ತುಂಬ ಕುತೂಹಲ.

"ಎಲ್ಲಿ ನಿಮ್ಮ ಕಳ್ಳ? ಇವನೇನಾ? ಇವನು ನಿಮ್ಮ ಹೆಂಡತಿ ತಮ್ಮ ಅಲ್ವೇನ್ರೀ?"

ಭಾವಮೈದ ಭಾವನ ಮುಖವನ್ನೇ ನೋಡುತ್ತಿದ್ದ. ಮಿಲ್ಲಿಮೀಟರನ ಬಾಯಲ್ಲಿ ಮಾತು ಇತ್ತು. 'ತಪ್ಪು ನನ್ನದು ಸಾರ್, ನನ್ನ ನೆಲದ್ದು.' ಅಷ್ಟೇ. ಅಂದರೆ ಮುಗಿಯಿತು, ಸಂಜೆಯೊಳಗೆ ಊರೆಲ್ಲ ನಗುತ್ತದೆ, ಅಳತೆಗಾರನ ನೆಲವೇ ಓರೆಯಂತೆ ಎಂದು. ಅವನು ಅಳತೆಪಟ್ಟಿಯನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಕೊನೆಗೆ ಭಾವಮೈದನೇ ಹೇಳಿದ: "ಹೂಂ ಸಾರ್. ನನ್ನ ಕೈತಪ್ಪು. ಈಗ ಸರಿ ಆಗಿದೆ, ಓಡಿಸಿ ನೋಡಿ."

"ಇಂಥವರನ್ನ ಇಟ್ಕೋಬೇಡಿ," ಎಂದು ಮಿಲ್ಲಿಮೀಟರನಿಗೆ ಬುದ್ಧಿ ಹೇಳಿ ಲಾಯರು ಕಾರು ಹತ್ತಿದರು. ಬೀದಿಯ ಹಂಪಿನ ಮೇಲೆ ಕಾರು ಏರಿ ಇಳಿಯಿತು. ಸದ್ದಿಲ್ಲ. ಕಿಟಕಿಯಿಂದ ಕೈ ಬೀಸಿ ಹೋದರು.

ಭಾವಮೈದ ಮೈಮೇಲಿನ ಗ್ಯಾರೇಜಿನ ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ಚಪ್ಪಲಿ ಮೆಟ್ಟಿಕೊಂಡ.

"ಎಲ್ಲಿಗೋ?" ಎಂದ ಮಿಲ್ಲಿಮೀಟರ್. "ಲೋ, ಸಿಟ್ಟಲ್ಲಿ ಕಳ್ಳ ಅಂದುಬಿಟ್ಟೆ ಕಣೋ. ಮನಸ್ಸಿಗೆ ಹಚ್ಕೋಬೇಡ."

"ಅದಕ್ಕೆ ಬೇಜಾರಿಲ್ಲ ಭಾವ," ಎಂದ ಅವನು ಹೊಸ್ತಿಲ ಮೇಲೆ ನಿಂತು. "ಕಳ್ಳ ಅಂದಾಗ ನಿಮಗೆ ನಿಜ ಗೊತ್ತಿರಲಿಲ್ಲ. ಲಾಯರು ಕೇಳಿದಾಗ ಗೊತ್ತಿತ್ತಲ್ಲ."