ವಿಕ್ ನೂರು, ಪುಲಿಗೆರೆ ಮುನ್ನೂರು

ಇಂಗ್ಲೆಂಡಿನ ವೆಲ್‌ಶೈರ್ ಕೌಂಟಿಯಲ್ಲಿ ಎಷ್ಟು ಹೊಳೆ, ಎಷ್ಟು ಸಂತೆ, ಯಾವ ಗುಡ್ಡದಲ್ಲಿ ಸುಣ್ಣಕಲ್ಲು, ಯಾವ ಊರಿನ ಚೀಸು ರುಚಿ ಎಂಬುದು ಅಮೆರಿಕದ ಇಡೀ ಫ್ರೀಮಾಂಟಿನಲ್ಲಿ ಸಿದ್ಧಾರೂಢನಷ್ಟು ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಬೇಕಾಗಿಯೂ ಇರಲಿಲ್ಲ. ಆದರೆ ಅದು ೧೯೯೯. ಡಾಟ್‌ಕಾಂ ಎಂದು ಬೋರ್ಡು ಹಾಕಿದರೆ ಹರಿದ ಚಪ್ಪಲಿಗೂ ಗಿರಾಕಿ ಸಿಗುತ್ತಿದ್ದ ಕಾಲ. ಮಂಡ್ಯದ ಇಂಜಿನಿಯರ್ ಶಿವಪ್ರಕಾಶ್ ಇಂಡಿಯನ್ ಗ್ರೋಸರಿಯ ಮಹಡಿಯಲ್ಲಿ, ಇಂಗಿನ ವಾಸನೆಯ ನಡುವೆ, ಹಳೇ ಪುಸ್ತಕಗಳನ್ನು ಇಂಟರ್‌ನೆಟ್ಟಿಗೆ ಏರಿಸುವ ಕಂಪನಿ ತೆರೆದಿದ್ದ. ಲಕ್ಷ್ಮೇಶ್ವರದಲ್ಲಿ ಟೆಂತ್ ಫೇಲಾಗಿ ಬಂದಿದ್ದ ಸಿದ್ಧಾರೂಢ ಅಲ್ಲಿ ಟೈಪು ಮಾಡಿ ತಪ್ಪು ತಿದ್ದುವವನು. ಕೋಪ ಅವನ ಮೂಗಿನ ತುದಿಯಲ್ಲೇ ಬಿಡಾರ ಹೂಡಿತ್ತು.

ಅವತ್ತಿನ ಕೋಪಕ್ಕೆ ಕಾರಣವೂ ಇತ್ತು. ಅವನು ಟೈಪು ಮಾಡಿದ್ದ ವೆಲ್‌ಶೈರ್ ಪುಸ್ತಕದ ಸಂಖ್ಯೆಗಳನ್ನೆಲ್ಲ ಅಂಕಿಗೆ ತಿರುಗಿಸಲು ಶಿವಪ್ರಕಾಶ್ ಒಂದು ಪ್ರೋಗ್ರಾಂ ಬಿಟ್ಟಿದ್ದ. ‘ವಿಕ್ ಹಂಡ್ರೆಡ್’ ಎಂದಿದ್ದದ್ದೆಲ್ಲ ‘ವಿಕ್ 100’ ಆಗಿ ಕೂತಿತ್ತು.

“ಸರ್, ಇದು ನೂರು ಅಲ್ರಿ. ವಿಕ್ ಹಂಡ್ರೆಡ್ಡಿನಾಗ ಹದಿಮೂರು ಹಳ್ಳಿ ಅದಾವು ಅಂತ ಬರದೈತಿ. ಜಾಗದ ಹೆಸರಿರಬೇಕು.”

“ಏನಯ್ಯ, ಟೆಂತ್ ಫೇಲಾದೋನು ನಂಗೆ ಇಂಗ್ಲಿಷ್ ಹೇಳ್ಕೊಡ್ತೀಯಾ? ಹಂಡ್ರೆಡ್ ಅಂದ್ರೆ ನೂರು, ಮಂಡ್ಯದಲ್ಲೂ ಲಂಡನ್ನಲ್ಲೂ. ಮೂರು ಗಂಟೆಗೆ ಸರಟೋಗಾದಿಂದ ಪುಸ್ತಕದ ಮೇಡಂ ಬರ್ತಾರೆ. ಅವರ ಮನೇಲಿ ಇಂಥವು ಇನ್ನೂ ನಲವತ್ತಿವೆ. ಒಂದು ತಪ್ಪು ಸಿಕ್ಕಿದ್ರೂ ಪ್ರೂಫ್ ನೋಡಿದೋನು ನೀನು. ನಾಳೆಯಿಂದ ಮನೇಲಿರು!”

ಊಟಕ್ಕೆ ಮನೆಗೆ ಹೋದವನು ರೊಟ್ಟಿಯನ್ನು ಶತ್ರುವಿನ ಕತ್ತು ಮುರಿದಂತೆ ಮುರಿದ.

“ಯಾಕೋ ಖೋಡಿ, ರೊಟ್ಟಿ ನಿನಗೇನ್ ಮಾಡೈತಿ?” ಎಂದಳು ಅಜ್ಜಿ ಕಾಶವ್ವ.

“ನೂರು ಅಂದ್ರ ಎಣಿಕಿ ಅಷ್ಟ, ಊರಿನ ಹೆಸರು ಹೆಂಗಾಕ್ಕತಿ ಅಂತಾನ ಆ ಸಾಹೇಬ.”

“ಯಾಕಾಗಂಗಿಲ್ಲ? ನಮ್ಮ ಲಕ್ಷ್ಮೇಶ್ವರಕ್ಕ ಕಲ್ಲಿನ ಮ್ಯಾಲೆ ಏನಂತ ಕೆತ್ತ್ಯಾರ? ಪುಲಿಗೆರೆ ಮುನ್ನೂರು! ಮಾಸ್ತರ್ರು ಓದಿ ಹೇಳ್ತಿದ್ರು. ಮುನ್ನೂರು ಅಂದ್ರ ಒಂದು ಸೀಮಿ, ಈಗಿನ ಹೋಬಳಿ ಇದ್ದಂಗ. ಸಾಲಿ ಮೆಟ್ಟಲಾ ಹತ್ತದ ನನಗ ಗೊತ್ತೈತಿ. ಅವಗೇನ್ ಧಾಡಿ?”

ಅರ್ಧ ರೊಟ್ಟಿ ಬಿಟ್ಟು ಸಿದ್ಧಾರೂಢ ಓಡಿದ. ತಿದ್ದಬೇಕಾದ್ದು ಇನ್ನೂರಕ್ಕೂ ಹೆಚ್ಚು ಕಡೆ. ಒಂದೇ ಏಟಿಗೆ ಬದಲಾಯಿಸುವಂತಿಲ್ಲ. ಸಂತೆಗೆ ಬಂದ ನೂರು ಕುರಿ ನೂರೇ ಆಗಿರಬೇಕು, ಸೀಮೆ ಮಾತ್ರ ಮತ್ತೆ ‘ಹಂಡ್ರೆಡ್’ ಆಗಬೇಕು. ಶಿವಪ್ರಕಾಶ್ ಟೈ ಕಟ್ಟಿಕೊಂಡು ಸಮೋಸ ಜೋಡಿಸುತ್ತಿದ್ದರೆ, ಇವನು ಕುರಿಗಳನ್ನೂ ಹೋಬಳಿಗಳನ್ನೂ ಒಂದೊಂದಾಗಿ ಬೇರ್ಪಡಿಸುತ್ತಿದ್ದ. ಕೊನೆಯ ಹೋಬಳಿ ಮುಗಿಯುವುದಕ್ಕೂ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಗುವುದಕ್ಕೂ ಸರಿಹೋಯಿತು.

ಮುದುಕಿ ಬಂದವಳೇ ಕುರ್ಚಿ ಎಳೆದುಕೊಂಡು ಹುಡುಕುವ ಜಾಗದಲ್ಲಿ ‘ವಿಕ್ ಹಂಡ್ರೆಡ್’ ಎಂದು ಕುಟ್ಟಿದಳು.

“ಮೇಡಂ, ಅಂಕಿಯಲ್ಲಿ ಹಾಕಿ...” ಎಂದು ಶಿವಪ್ರಕಾಶ್ ಬಗ್ಗುವಷ್ಟರಲ್ಲಿ ಹದಿಮೂರೂ ಹಳ್ಳಿಗಳು ಸಾಲಾಗಿ ಬಂದು ನಿಂತವು. ಅವಳು ಒಂದರ ಮೇಲೆ ಬೆರಳಿಟ್ಟಳು. ಅದು ಅವಳ ಅಜ್ಜಿಯ ಊರು.

“ಹಿಂದಿನ ಕಂಪನಿಯವರು ಇದನ್ನು ನೂರು ಮಾಡಿದ್ದರು. ಪುಸ್ತಕ ವಾಪಸು ಕಿತ್ತುಕೊಂಡೆ. ಇಲ್ಲಿ ಇದು ಯಾರಿಗೆ ಗೊತ್ತಿತ್ತು?”

“ನನಗೆ,” ಎಂದ ಸಿದ್ಧಾರೂಢ. “ಪುಲಿಗೆರೆ ತ್ರೀ ಹಂಡ್ರೆಡ್.”

“ಓ, ಯೂನಿವರ್ಸಿಟಿಯ ಕೋರ್ಸ್ ನಂಬರೇ?”

“ಹೌದು ಮೇಡಂ, ಭಾರೀ ಕಷ್ಟದ ಕೋರ್ಸು,” ಎಂದು ಶಿವಪ್ರಕಾಶ್ ನಡುವೆ ನುಗ್ಗಿದ.

“ಕೋರ್ಸಲ್ಲ, ನಮ್ಮ ಊರು,” ಸಿದ್ಧಾರೂಢ ಗುಡುಗಿದ. “ನಾನು ಟೆಂತ್ ಫೇಲ್.”

ಮುದುಕಿ ಅವನನ್ನೇ ನೋಡಿದಳು. ಆಮೇಲೆ ನಕ್ಕು, ಚೀಲದಿಂದ ಇನ್ನೊಂದು ಕೌಂಟಿಯ ದಪ್ಪ ಪುಸ್ತಕ ತೆಗೆದಳು. ಶಿವಪ್ರಕಾಶ್ ಎರಡೂ ಕೈ ಚಾಚಿದ್ದ. ಅವಳು ಆ ಕೈಗಳನ್ನು ದಾಟಿ ಹೋಗಿ ಪುಸ್ತಕವನ್ನು ಸಿದ್ಧಾರೂಢನ ಮೇಜಿನ ಮೇಲಿಟ್ಟು, “ಉಳಿದವನ್ನೂ ಇವನೇ ನೋಡಬೇಕು” ಎಂದಳು.

ಊರುಗೋಲಿನ ಸದ್ದು ಕೆಳಗಿಳಿಯಿತು. ಶಿವಪ್ರಕಾಶ್ ಟೈ ಸಡಿಲಿಸಿ ಒಂದು ಸಮೋಸ ಇವನತ್ತ ತಳ್ಳಿದ.

“ಅಲ್ಲಯ್ಯ... ಹಂಗಾದ್ರೆ ನಮ್ ಮಂಡ್ಯ ಎಷ್ಟು ನೂರು?”

“ಅಜ್ಜಿನ್ನ ಕೇಳಬೇಕ್ರಿ,” ಎಂದು ಸಿದ್ಧಾರೂಢ ಹೊಸ ಪುಸ್ತಕದ ಮೊದಲ ಪುಟ ತೆರೆದ.