ಅಣ್ಣನಿಗೊಂದು ಹೆಗಲು

ಶವಪೆಟ್ಟಿಗೆಯ ಕೆಳಗೆ ಕಿಟ್ಟಿ ಹೆಗಲು ತೂರಿಸಿದ. ಪೆಟ್ಟಿಗೆ ಹೆಗಲಿಗೆ ತಾಕಲೇ ಇಲ್ಲ. ನಡುವೆ ಒಂದು ಗೇಣು ಗಾಳಿ. ಹೊತ್ತಿದ್ದ ಸಿಪಾಯಿಗಳೆಲ್ಲ ಆರಡಿಯವರು. ಕಿಟ್ಟಿ ಐದಡಿ ಎರಡಂಗುಲ, ಅದೂ ಚಪ್ಪಲಿ ಹಾಕಿಕೊಂಡರೆ.

"ಸಾರ್, ದಯವಿಟ್ಟು ಪಕ್ಕಕ್ಕೆ ಬನ್ನಿ," ಎಂದ ಕ್ಯಾಪ್ಟನ್ ಯಶ್ವಂತ್. "ಒಂದೇ ಎತ್ತರದ ಆರು ಜನಾನ ಆರಿಸ್ಕೊಂಡು ಬಂದಿದೀವಿ. ನೀವು ಸೇರಿದ್ರೆ ಬ್ಯಾಲೆನ್ಸ್ ತಪ್ಪುತ್ತೆ."

"ನಾನು ಅವನ ತಮ್ಮ ಕಣಪ್ಪ. ನಾನು ಹೊರದೆ ಇನ್ಯಾರು ಹೊರ್ತಾರೆ?"

ಪೆಟ್ಟಿಗೆಯನ್ನು ಮತ್ತೆ ಬೆಂಚಿನ ಮೇಲೆ ಇಳಿಸಿದರು.

"ಹಠ ಮಾಡ್ಬೇಡ ಕಿಟ್ಟಿ," ಎಂದರು ಅತ್ತಿಗೆ ಪಂಕಜಾ. "ಎಪ್ಪತ್ತೆರಡಾಯ್ತು ನಿಂಗೆ. ಬಿದ್ದುಗಿದ್ದೀಯ."

"ಬಿದ್ರೆ ಬೀಳ್ತೀನಿ ಬಿಡಿ ಅತ್ತಿಗೆ."

ಚಂದ್ರಾ ಲೇಔಟಿನ ಆ ರಸ್ತೆಯನ್ನು ಪೈಪಿಗೆಂದು ಅಗೆದಿದ್ದರಿಂದ ಸೇನೆಯ ಗಾಡಿ ಮೇನ್ ರೋಡಿನಲ್ಲೇ ನಿಂತಿತ್ತು. ಅಲ್ಲಿಯವರೆಗಿನ ಇನ್ನೂರು ಹೆಜ್ಜೆಯಷ್ಟೇ ಕಿಟ್ಟಿಯ ಪಾಲಿಗೆ ಉಳಿದದ್ದು. ಗಾಡಿ ಹತ್ತಿದನೆಂದರೆ ಅಣ್ಣ ಮತ್ತೆ ಸೇನೆಯವನು.

ಮೇಜರ್ ಜನರಲ್ ಮುರಳೀಕೃಷ್ಣ ಮೂವತ್ತೇಳು ವರ್ಷ ಸೇನೆಯ ಇಂಜಿನಿಯರ್. ಹೊಸ ಸೇತುವೆಯ ಮೇಲೆ ಮೊದಲ ಲಾರಿ ದಾಟುವಾಗ ತಾನು ಅದರ ಅಡಿಗೇ ಹೋಗಿ ನಿಲ್ಲುತ್ತಿದ್ದನಂತೆ. ಇಂಥ ಮಹಾಶಯ ನಿವೃತ್ತನಾಗಿ ಬಂದು ಅಡುಗೆಮನೆಯ ನಲ್ಲಿ ರಿಪೇರಿಗೆ ಕೈಹಾಕಿ, ಹಾಲ್‌ವರೆಗೂ ನೀರು ಹರಿಸಿದ. ಅವತ್ತೇ ಪಂಕಜಾ ಸ್ಪ್ಯಾನರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ದಿನಾ ಸಂಜೆ ದರ್ಶಿನಿಯಲ್ಲಿ ಅಣ್ಣ ತಮ್ಮ ಬೈಟು ಕಾಫಿ ಹಂಚಿಕೊಂಡು, ಯಾರ ಲೋಟದಲ್ಲಿ ನೊರೆ ಜಾಸ್ತಿ ಎಂದು ಜಗಳವಾಡುತ್ತಿದ್ದರು. ಕಿಟ್ಟಿಗೆ ಅಣ್ಣನೆಂದರೆ ಪ್ರಾಣ.

*

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅಪ್ಪ ತೀರಿಕೊಂಡಾಗ ಅಣ್ಣ ಅರುಣಾಚಲದಲ್ಲಿ, ಪ್ರವಾಹಕ್ಕೆ ಕೊಚ್ಚಿಹೋದ ಸೇತುವೆಯನ್ನು ಮತ್ತೆ ಕಟ್ಟುತ್ತಿದ್ದ. ಆಚೆ ದಡದ ಹಳ್ಳಿಗಳಿಗೆ ಅಕ್ಕಿ ಮುಟ್ಟಬೇಕಿತ್ತು. ಅವನು ಬಂದದ್ದು ಹದಿಮೂರನೆಯ ದಿನ. ಕುರುಬರಹಳ್ಳಿಯ ಬಾಡಿಗೆ ಮನೆಯ ಹಿಂದೆ ಕೈ ತೊಳೆಯುತ್ತ ಕೇಳಿದ್ದು ಒಂದೇ ಮಾತು.

"ಅಪ್ಪ ಭಾರ ಇದ್ರೇನೋ?"

ಕಿಟ್ಟಿಗೆ ಮೈಯೆಲ್ಲ ಉರಿದುಹೋಯಿತು. "ಬಂದು ಹೊತ್ತಿದ್ರೆ ಗೊತ್ತಾಗ್ತಿತ್ತು."

ಅಣ್ಣ ಗೋಡೆಯ ಕಡೆ ತಿರುಗಿ ಅತ್ತ. ಅವನು ಅತ್ತದ್ದನ್ನು ಕಿಟ್ಟಿ ಕಂಡದ್ದು ಅದೊಂದೇ ಸಲ. "ಎಷ್ಟೆಷ್ಟೋ ಟನ್ ಲೆಕ್ಕ ಹಾಕ್ತೀನಿ ಕಣೋ. ಅಪ್ಪನ್ನ ಹೊರೋದು ಮಾತ್ರ ನನ್ನ ಹಣೇಲಿ ಬರೀಲಿಲ್ಲ."

ಆಡಿದ ಮಾತಿಗೆ ಕಿಟ್ಟಿ ಆಗಲೇ ನಾಚಿಕೊಂಡಿದ್ದ. ತಪ್ಪಾಯಿತು ಅನ್ನಲು ಮಾತ್ರ ನಲವತ್ತೈದು ವರ್ಷವಾದರೂ ಬಾಯಿ ಬರಲಿಲ್ಲ.

*

"ಕ್ಯಾಪ್ಟನ್, ಚಿಕ್ಕಪ್ಪನ್ನ ಬಿಡಿ, ಪ್ಲೀಸ್," ಎಂದಳು ಅಣ್ಣನ ಮಗಳು ರಾಗಿಣಿ.

"ಮೇಡಂ, ಪ್ರೋಟೋಕಾಲ್..."

"ನಮ್ಮಪ್ಪನ್ನ ಹೊರೋಕೆ ಅವನಿಗೆ ಆಗ್ಲಿಲ್ಲ ಕಣಪ್ಪ," ಎಂದ ಕಿಟ್ಟಿ. "ಅದಕ್ಕೆ ನಾನು ಅವನನ್ನ ಚುಚ್ಚಿ ಆಡ್ದೆ. ಈಗ ಇಲ್ಲೇ ಇದ್ದು ಅವನನ್ನ ಹೊರದೆ ಕಳಿಸ್ಲಾ? ಮೂವತ್ತೇಳು ವರ್ಷ ನೀವು ಇಟ್ಕೊಂಡ್ರಿ. ಇನ್ನೂರು ಹೆಜ್ಜೆ ನಂಗೆ ಕೊಡು."

ಯಶ್ವಂತ್ ಕಿಟ್ಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮುಂದಿನ ಎಡಗಡೆಯ ಸಿಪಾಯಿಯನ್ನು ಈಚೆಗೆ ಕರೆದು, ಉಳಿದ ಐವರಿಗೆ ಮೆಲ್ಲಗೆ ಹಿಂದಿಯಲ್ಲಿ ಏನೋ ಹೇಳಿದ. ಐವರೂ ಕಿಟ್ಟಿಯ ಹೆಗಲನ್ನು ಒಮ್ಮೆ ನೋಡಿಕೊಂಡರು.

ಪೆಟ್ಟಿಗೆ ಮೇಲೆದ್ದಿತು. ಕಿಟ್ಟಿಯ ಹೆಗಲ ಮೇಲೆ ಬಂದು ಕೂತಿತು; ಅದಕ್ಕಿಂತ ಮೇಲೆ ಹೋಗಲಿಲ್ಲ. ಅಗೆದ ರಸ್ತೆಯ ಅಂಚಿನಲ್ಲಿ, ಗರಿಗರಿ ಇಸ್ತ್ರಿಯ ಸಮವಸ್ತ್ರ ತೊಟ್ಟ ಐವರು ಆರಡಿ ಆಳುಗಳು ಮೊಣಕಾಲು ಬಗ್ಗಿಸಿ, ಬರಿಗಾಲ ಮುದುಕನೊಬ್ಬನ ಎತ್ತರಕ್ಕೆ ಕುಗ್ಗಿ, ಅವನ ಪುಟ್ಟ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದರು.