ಅರೆಬೆಳಕಿನ ದಿಬ್ಬ

ನನಗೆ ದೆವ್ವದ ಭಯವಿಲ್ಲ. ಮಾನಂತವಾಡಿಯ ಲ್ಯಾಬಿನಲ್ಲಿ ದಿನವಿಡೀ ಬೇರೆಯವರ ರಕ್ತದ ಜೊತೆ ಕೂರುವವಳು ದೆವ್ವಕ್ಕೆಲ್ಲ ಹೆದರಿದರೆ ಹೊಟ್ಟೆಪಾಡು ನಡೆದ ಹಾಗೆ! ಆದರೂ ತೃಶ್ಶಿಲೇರಿಯ ಚಂದನಾಳ ರಕ್ತ ಮತ್ತೆ ಪರೀಕ್ಷೆಗೆ ಬಂದಾಗ ನಾನೊಮ್ಮೆ ಹಿಂದಕ್ಕೆ ತಿರುಗಿ ನೋಡಿದ್ದು ಸುಳ್ಳಲ್ಲ.

ಚಂದನಾ ಹೈಸ್ಕೂಲು ಹುಡುಗಿ, ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಒಮ್ಮೆ ಮೂಗಿನಿಂದ ಸುರಿಯುತ್ತಲೇ ಇದ್ದಾಗ ಅವಳಣ್ಣ ಮಹದೇವಪ್ರಸಾದ್ ತನ್ನ ಪ್ಲೇಟ್‌ಲೆಟ್ ಕೊಟ್ಟ. ರಕ್ತ ನಿಂತಿತು. ಅದೇ ಸಂಜೆ ಬೈಕಿನಲ್ಲಿ ಮನೆಗೆ ಹೋಗುವಾಗ ಅವನು ಕಾಡಿನ ತಿರುವಿನಲ್ಲಿ ಬಿದ್ದು ಸತ್ತ.

ಅದಾದ ಎರಡು ಮೂರು ದಿನಕ್ಕೆ, ರೋಗ ಯಾವುದೆಂದು ಖಚಿತಪಡಿಸಲು ಡಾಕ್ಟರು ಅವಳನ್ನು ನನ್ನ ಬಳಿ ಕಳಿಸಿದರು. ಪ್ಲೇಟ್‌ಲೆಟ್‌ನ ಮೈಮೇಲೆ ಒಂದು ಗುರುತು ಇರಬೇಕು. ಅದಿದ್ದರೆ ಮಾತ್ರ ಅವು ಒಂದಕ್ಕೊಂದು ಅಂಟಿಕೊಂಡು ಗಾಯ ಮುಚ್ಚುತ್ತವೆ. ಆ ಗುರುತನ್ನೇ ಹುಡುಕಿ ಹಿಡಿಯುವ ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಅದನ್ನು ರಕ್ತಕ್ಕೆ ಬೆರೆಸಿ ಲೇಸರ್ ಮುಂದೆ ಹರಿಯಬಿಟ್ಟರೆ, ಗುರುತಿದ್ದವು ಹೊಳೆದು ಪರದೆಯ ಬಲಗಡೆ ದಿಬ್ಬವಾಗಿ ಏಳುತ್ತವೆ. ಇಲ್ಲದವು ಎಡಗಡೆಯ ಕತ್ತಲಲ್ಲೇ ಉಳಿಯುತ್ತವೆ.

ಚಂದನಾಳ ಸ್ವಂತ ಪ್ಲೇಟ್‌ಲೆಟ್‌ಗಳೆಲ್ಲ ಎಡಗಡೆ ಇದ್ದವು. ನಡುವೆ ಮಾತ್ರ ಪುಟ್ಟದೊಂದು ಅರೆಬೆಳಕಿನ ದಿಬ್ಬ. ಆ ಗುರುತು ಅರ್ಧದಷ್ಟೇ ಇದ್ದೂ ಆರೋಗ್ಯವಾಗಿರುವ ಒಡಹುಟ್ಟಿದವರ ಪ್ಲೇಟ್‌ಲೆಟ್ ಹೀಗೆ ಕಾಣುವುದುಂಟು. ಅದೇನೆಂದು ಅವಳ ತಂದೆ ಜವರಯ್ಯ ಕೇಳಿದರು. ನಿಮ್ಮ ಮಗ ಕೊಟ್ಟದ್ದು, ಒಂದೂವರೆ ವಾರದೊಳಗೆ ಹೋಗುತ್ತದೆ, ಆಮೇಲೆ ಮತ್ತೆ ನೋಡೋಣ ಎಂದೆ.

ಅವರು ಪರದೆಗೆ ಬೆರಳು ತಾಗಿಸಿದರು. "ಮಣ್ ಮಾಡ್ಬುಟ್ಟು ಬಂದ್ವಿ ಕಣವ್ವ. ಇಲ್ಲಿ ನೋಡುದ್ರೆ ಇವ್ನು ಇನ್ನೂ ಬೆಳಗ್ತಾವ್ನೆ."

ತಿಂಗಳು ಕಳೆದು ಬಂದಾಗಲೂ ದಿಬ್ಬ ಅಲ್ಲೇ ಇತ್ತು. ಮಷೀನನ್ನು ಬೈದೆ. ಮತ್ತೆ ಕೆಲವು ವಾರ ಬಿಟ್ಟು ಕರೆಸಿದೆ. ಈ ಸಲ ಹೊಸ ಆಂಟಿಬಾಡಿ ತೆಗೆದೆ, ಹೋಲಿಸಿ ನೋಡಲು ನನ್ನ ರಕ್ತವನ್ನೂ ಹಾಕಿದೆ. ನನ್ನದು ಬಲಗಡೆ ಸರಿಯಾಗಿಯೇ ಎದ್ದಿತು. ಚಂದನಾಳ ನಡುವಿನ ದಿಬ್ಬ ಮೊದಲಿಗಿಂತ ದೊಡ್ಡದಾಗಿತ್ತು. ಸತ್ತವನ ರಕ್ತ ಬೆಳೆಯುತ್ತಿತ್ತು.

ತಾಯಿ ಮಾದಮ್ಮ ನನ್ನನ್ನು ಬಾಗಿಲ ಆಚೆಗೆ ಕರೆದರು. ಮಗಳು ಈಗ ಅಣ್ಣನ ಹಾಗೆ ಎಡಗೈಯಲ್ಲಿ ಉಣ್ಣುತ್ತಾಳಂತೆ. ಅವನೊಬ್ಬನ ಮಾತೇ ಕೇಳುತ್ತಿದ್ದ ನಾಯಿ ಸಂಜೆಯಾದರೆ ಅವಳ ಕಾಲ ಬಳಿ ಬಂದು ಮಲಗುತ್ತದಂತೆ. ತಿರುನೆಲ್ಲಿಯ ಪಾಪನಾಶಿನಿ ಹೊಳೆಯಲ್ಲಿ ಬಲಿ, ಅಂದರೆ ಸತ್ತವನಿಗೆ ಪಿಂಡ, ಇಡಲು ಗಂಡ ಒಪ್ಪುತ್ತಿಲ್ಲ. ಪೂರ್ತಿ ಹೋಗದವನಿಗೆ ಯಾರು ಪಿಂಡ ಇಡುತ್ತಾರೆ ಎನ್ನುತ್ತಾರಂತೆ.

"ಬಲಿ ಸಿಕ್ದೆ ಅವ್ನು ಹೊಂಟೋಗಾಕಿಲ್ಲ, ಮೋಳೆ," ಎಂದರು ಮಾದಮ್ಮ, ಮಲಯಾಳಂ ಮಾತಿನಲ್ಲಿ ನನ್ನನ್ನು ಮಗಳೇ ಎಂದು ಕರೆದು. "ಇವ್ಳೊಳಗೇ ಕುಂತ್ಬುಟ್ಟವ್ನೆ."

ಒಳಗೆ ಬಂದು ಜವರಯ್ಯನಿಗೆ ನೀರು ಕೊಟ್ಟೆ. ಲೋಟಕ್ಕೆ ಕೈ ಚಾಚಿದಾಗ ಅಂಗಿಯ ತೋಳು ಸರಿಯಿತು. ಮೊಣಕೈ ಒಳಗೆ ದಪ್ಪ ಸೂಜಿಯ ನೀಲಿ ಕಲೆಗಳು. ಕೇಳಿದ್ದಕ್ಕೆ ಅವರು ಮುಚ್ಚಿಡಲಿಲ್ಲ. ಮಗಳ ಮೂಗಿನಲ್ಲಿ ಹನಿ ಕಂಡರೆ ಸಾಕು, ದೂರದ ಊರಿನ ಸಣ್ಣ ಆಸ್ಪತ್ರೆಯೊಂದಕ್ಕೆ ಕರೆದೊಯ್ದು ತನ್ನ ಪ್ಲೇಟ್‌ಲೆಟ್ ಕೊಡಿಸುತ್ತಿದ್ದರು. ಇಂಥ ಮಕ್ಕಳ ಹೆತ್ತವರದೂ ಅರೆಬೆಳಕೇ; ನಡುವೆ ಬೆಳೆಯುತ್ತಿದ್ದ ದಿಬ್ಬ ತಂದೆಯದು.

"ನಾನ್ ಕೊಡ್ತಾ ಇದ್ರೆ ಅವ್ನು ನಿಲ್ತಾನೆ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಅವಳ ಮೈ ಹುಟ್ಟಿನಿಂದ ಆ ಗುರುತನ್ನೇ ಕಂಡಿಲ್ಲ, ಮತ್ತೆ ಮತ್ತೆ ಒಳಗೆ ಬಿಟ್ಟರೆ ಅದನ್ನು ಶತ್ರುವೆಂದು ಕಲಿತುಬಿಡುತ್ತದೆ, ಆಮೇಲೆ ಜೀವಕ್ಕೆ ಕುತ್ತು ಬಂದಾಗ ಯಾರ ಪ್ಲೇಟ್‌ಲೆಟ್ ಕೊಟ್ಟರೂ ಕೊಂದುಹಾಕುತ್ತದೆ ಎಂದು ಬಿಡಿಸಿ ಹೇಳಿದೆ. ಮಗನನ್ನು ಹಿಡಿದಿಡಲು ಹೋಗಿ ಮಗಳನ್ನು ಕಳೆದುಕೊಳ್ಳಬೇಡಿ ಎಂದೂ ಅಂದೆ. ಅವರು ಆಯಿತು ಎನ್ನುವಂತೆ ತಲೆಯಾಡಿಸಿದರು.

ಆ ಮಳೆಗಾಲದ ಒಂದು ಮಧ್ಯಾಹ್ನ ಡಾಕ್ಟರು ತುರ್ತಾಗಿ ರಕ್ತ ಕಳಿಸಿದರು. ಚಂದನಾಳ ಮೂಗು ಮತ್ತೆ ಒಡೆದಿತ್ತು. ನನ್ನ ಮಾತು ಮೀರಿ ಬೆಳಿಗ್ಗೆಯೇ ಜವರಯ್ಯ ಅವಳಿಗೆ ತನ್ನ ಪ್ಲೇಟ್‌ಲೆಟ್ ಕೊಡಿಸಿಯೂ ಆಗಿತ್ತು. ಪರದೆಯ ಮೇಲೆ ನಡುವೆ ಏನೂ ಇರಲಿಲ್ಲ. ಇನ್ನೊಮ್ಮೆ ಹರಿಸಿದೆ. ಎಲ್ಲ ಎಡಗಡೆಯ ಕತ್ತಲು.

ಲ್ಯಾಬಿನ ಹೊರಗೆ ಆಸ್ಪತ್ರೆಯ ಬೆಂಚಿನ ಮೇಲೆ ಚಂದನಾ ಮುಖಕ್ಕೆ ಟವೆಲ್ ಒತ್ತಿಕೊಂಡು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ಅಕ್ಕನಂತೆ ಕರೆದು ಹೇಳಿದಳು.

"ಅಣ್ಣ ಇಲ್ಲ, ಚೇಚಿ. ಬೆಳಿಗ್ಗೇನೆ ಹೊಂಟೋದ."

ಮಾದಮ್ಮ ತಿರುನೆಲ್ಲಿಯ ದಿಕ್ಕಿಗೆ ಕೈಮುಗಿದು, ಬಿಟ್ಟನಲ್ಲ ಎಂದು ನಿಟ್ಟುಸಿರಿಟ್ಟರು. ಅವರ ಮುಖದ ನೆಮ್ಮದಿ ನೋಡಿ ನನಗೆ ಹೆದರಿಕೆಯಾಯಿತು. ಜವರಯ್ಯ ಅಂಗಿಯ ತೋಳು ಮಡಚಿ ಕೈ ಚಾಚಿದರು.

"ನಂದು ಇನ್ನೂ ಐತೆ. ತಗೊಳವ್ವ."

ಬೆಳಿಗ್ಗೆ ಕೊಟ್ಟದ್ದನ್ನು ಅವಳ ಮೈ ಆಗಲೇ ಕೊಂದಿದೆ ಎಂದೆ. ಇನ್ನು ನಿಮ್ಮದೂ ನಿಲ್ಲುವುದಿಲ್ಲ, ನನ್ನದೂ ನಿಲ್ಲುವುದಿಲ್ಲ. ಕೋಳಿಕ್ಕೋಡಿನಲ್ಲಿ ಒಂದು ಔಷಧಿ ಇದೆ, ಆದರೆ ಘಾಟಿ ಇಳಿದು ಅಲ್ಲಿಗೆ ಸೇರುವವರೆಗೆ ಇವಳು ತಡೆದುಕೊಳ್ಳಬೇಕು. ಟವೆಲ್ ಬದಲಿಸಿದೆ. ಹಳೆಯದು ಕೈಯಲ್ಲಿ ಭಾರವಾಗಿತ್ತು.

ಆಂಬ್ಯುಲೆನ್ಸ್ ಬಂದು ಅವಳನ್ನು ಎತ್ತಿ ಮಲಗಿಸುವಾಗಲೂ ಜವರಯ್ಯ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.